ಅಟ್ಟದ ಮೇಲೆ ಒಂದು ವರ್ಷ (ಭಾಗ 3): ಅಲ್ಲಾಡಿಸಿ ಕೇಳೋದು

ಮೊದಲನೇ ಫೋಟೋ ನೋಡಿ ಹಳೇ ಕಾಯಿ ರಾಶಿ ಅಂತ ಮುಂದಕ್ಕೆ ಹೋಗ್ಬೇಡಿ ಕಣ್ರೋ. ಅದು ನಮ್ಮನೆ ಅಟ್ಟ. ಹೋದ ವರ್ಷ ಕೆಡವಿದ ಸುಮಾರು ನಾಲ್ಕು ಸಾವಿರ ಕಾಯಿ, ಮಟ್ಟೆ ಸಮೇತ, ಹನ್ನೊಂದು ತಿಂಗಳಿಂದ ಅಲ್ಲೇ ಕೂತಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದು ಹೊಸದಲ್ಲ. ಬೆಂಗಳೂರು ಫಾಲೋವರ್ಸ್‌ಗೆ ಹೇಳ್ತೀನಿ: ಉಂಡೆ ಕೊಬ್ಬರಿ ಅಂದ್ರೆ ಕಾಯಿ ಒಡೆದು ಬಿಸಿಲಿಗೆ ಹಾಕಿದ್ದಲ್ಲ. ಒಡೆಯದೇ ಎಂಟರಿಂದ ಹನ್ನೆರಡು ತಿಂಗಳು ಕಾಯಿಸಿದ್ದು. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಗೆ ಒಂದೇ ಉಂಡೆಯಾಗುತ್ತೆ. ನಮ್ಮ ಕಡೆ ಗಿಟುಕು ಅಂತಾರೆ.

ಮೊನ್ನೆ ಒಂದು ರೀಲ್ ಬಂತು. ಫ್ರಾನ್ಸಿನ ಬೋರ್ಡೋದ ಹಳೇ ಕೆಂಪು ವೈನ್ ಪರೀಕ್ಷೆ ಮಾಡೋದು. ಅಪ್ಪನಿಗೆ ತೋರಿಸಿದ್ರೆ, "ಬೋರ್ಡೋನಾ? ಅಡಿಕೆಗೆ ಹೊಡೆಯೋ ಮೈಲುತುತ್ತ, ಸುಣ್ಣದ ದ್ರಾವಣ ಅಲ್ವಾ?" ಅಂದ್ರು. ನಗಬೇಡಿ, ಎರಡೂ ಒಂದೇ ಊರಿಂದು. ಅಲ್ಲಿನ ದ್ರಾಕ್ಷಿ ರೋಗಕ್ಕೆ 1880ರ ದಶಕದಲ್ಲಿ ಕಂಡುಹಿಡಿದ ಔಷಧಿ ನಮ್ಮ ತೋಟದವರೆಗೂ ಬಂದಿದೆ, ವೈನ್ ಬಂದಿಲ್ಲ ಅಷ್ಟೇ.

ಆ ರೀಲಿನವನು ಗ್ಲಾಸನ್ನ ಬಿಳೀ ಬಟ್ಟೆ ಮುಂದೆ ಓರೆ ಮಾಡಿ ಅಂಚಿನ ಬಣ್ಣ ನೋಡ್ದ. ಎಳೇ ವೈನ್ ನೇರಳೆ, ವಯಸ್ಸಾದಂಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಂತೆ. ಆಮೇಲೆ ಮೂಸಿದ. ಹಣ್ಣಿನ ವಾಸನೆ ಹೋಗಿ ಚರ್ಮ, ಹೊಗೆಸೊಪ್ಪು, ಒದ್ದೆ ಎಲೆ ತರ ವಾಸನೆ ಬಂದಿರಬೇಕು. ಬಿರಡೆ ಕೆಟ್ಟಿದ್ರೆ ನೆಂದ ರಟ್ಟಿನ ವಾಸನೆ. ಕೊನೆಗೆ ಒಂದು ಗುಟುಕು, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತೆ ಅಂತ ಲೆಕ್ಕ. ನಾನು ವೈನ್ ಕುಡಿದಿಲ್ಲ. ಆದ್ರೆ ಅವನ ಮುಖ ನೋಡಿದ್ರೆ ಥೇಟ್ ನಮ್ಮಜ್ಜಿ!

ವ್ಯತ್ಯಾಸ ಏನಪ್ಪಾ ಅಂದ್ರೆ, ನಮ್ಮ ಪರೀಕ್ಷೆ ಕಿವಿಯಿಂದ ಶುರು. ಅಟ್ಟಕ್ಕೆ ಹಾಕಿದ ಹೊಸದರಲ್ಲಿ ಅಲ್ಲಾಡಿಸಿದ್ರೆ ನೀರು ತುಳುಕುತ್ತೆ. ನಡುವೆ ಕೆಲವು ತಿಂಗಳು ಕಾಯಿ ಮೂಕ, ಸದ್ದೇ ಇಲ್ಲ. ಪೂರ್ತಿ ಒಣಗಿದ ಮೇಲೆ ಒಳಗೆ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತೆ. ಆ ಸದ್ದಲ್ಲೂ ಜಾತಿ ಇದೆ. ಭಾರವಾಗಿ ಬಡಿದ್ರೆ ತುಂಬಿದ ಗಿಟುಕು. ಹಗುರಕ್ಕೆ ಗಿಲಗಿಲ ಅಂದ್ರೆ ಎಳೇ ಕಾಯಿ ಕೆಡವಿದ್ದು, ತಿರುಳು ಸುಕ್ಕಾಗಿ ಸಣ್ಣದಾಗಿದೆ. ಹನ್ನೊಂದು ತಿಂಗಳಾದ್ರೂ ಮೂಕವಾಗೇ ಇದ್ರೆ ಒಳಗೆ ಕೊಳೆತಿರಬಹುದು, ಮೊಳಕೆ ಒಡೆದಿರಬಹುದು.

ಅಜ್ಜಿ ಇದನ್ನ ಐವತ್ತು ವರ್ಷದಿಂದ ಮಾಡ್ತಿದ್ದಾಳೆ. ಈ ವರ್ಷ ಅವಳಿಗೆ ಕಿವಿ ಸರಿಯಾಗಿ ಕೇಳ್ತಿಲ್ಲ. ಬಾಯಿಬಿಟ್ಟು ಒಪ್ಪಿಕೊಳ್ಳಲ್ಲ. ಕಾಯಿ ಎತ್ತಿ ಅಲ್ಲಾಡಿಸ್ತಾಳೆ, ಸುಮ್ನೆ ನನ್ನ ಕೈಗೆ ಕೊಡ್ತಾಳೆ, "ಇದೇನಂತೆ ಮಗಾ?" ಅಂತಾಳೆ. ನಾನು ಹೇಳಿದ್ದನ್ನ ಕೇಳಿ ಕೈಯಲ್ಲೇ ತೂಕ ನೋಡಿ ತಲೆ ಆಡಿಸ್ತಾಳೆ. ಅವಳ ಕೈಗೆ ಇನ್ನೂ ಗೊತ್ತಾಗುತ್ತೆ.

ಅನುಮಾನ ಇದ್ದವನ್ನ ಒಡೆದು ನೋಡಿದ್ವಿ (ಫೋಟೋ 4). ಒಳ್ಳೇದು ಹೊರಗೆ ಕಂದು ಸಿಪ್ಪೆ, ಒಳಗೆ ಹಾಲುಬಿಳುಪು. ಉಗುರು ಊರಿದ್ರೆ ಎಣ್ಣೆ ಮಿಂಚುತ್ತೆ. ಕಚ್ಚಿದ್ರೆ ಕಟಕ್ ಅನ್ನಬೇಕು, ಬಾಗಬಾರದು. ಮೊದಲು ಸಿಹಿ, ಆಮೇಲೆ ಎಣ್ಣೆ, ನುಂಗಿದ ಮೇಲೂ ಸಿಹಿಯೇ ಉಳಿಬೇಕು. ಗಂಟಲ ಹತ್ರ ಕಮಟು ಹತ್ತಿದ್ರೆ ಮುಗೀತು.

ಈಗ ಬಿಕಾಂ ಕಥೆ. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಅಂತ ಬೋರ್ಡೋ ದಲ್ಲಾಳಿಗಳು ಅಲ್ಲಿನ ಕೆಂಪು ವೈನ್‌ಗಳನ್ನ ಐದು ದರ್ಜೆ ಮಾಡಿದ್ರು. ಮುಖ್ಯ ಆಧಾರ ಮಾರ್ಕೆಟ್ ರೇಟು. ಆ ಪಟ್ಟಿ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ನಮಗೆ ಆ ಭಾಗ್ಯ ಇಲ್ಲ. ಹೋದ ವರ್ಷ ಎಷ್ಟೇ ಒಳ್ಳೇ ಗಿಟುಕು ಕೊಟ್ಟಿರಿ, ತಿಪಟೂರು ಎಪಿಎಂಸಿಯಲ್ಲಿ ಈ ವರ್ಷದ ಚೀಲ ಮತ್ತೆ ಸೊನ್ನೆಯಿಂದ ಶುರು. ಕಾಯಿಸಿದ್ದಕ್ಕೆ ಬೆಲೆ ಸಿಗುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ಇದ್ರೆ, ಮಾರ್ಕೆಟ್‌ನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೊಂಡ್ರು. 2025ರಲ್ಲಿ ಬೆಂಬಲ ಬೆಲೆ 12,100, ಮಾರ್ಕೆಟ್ 20,000 ದಾಟ್ತು. ಅದೇ ಅಟ್ಟ, ಅದೇ ಹನ್ನೊಂದು ತಿಂಗಳು. ಕ್ಲಾಸಲ್ಲಿ ಕ್ಲೋಸಿಂಗ್ ಸ್ಟಾಕನ್ನ ಒಂದೇ ಸಾಲಲ್ಲಿ ಬರೆದು ಮುಗಿಸ್ತೀವಲ್ಲ, ನಮ್ಮನೇಲಿ ಆ ಸಾಲಲ್ಲಿ ತಂಗಿಯ ಪಿಯುಸಿ ಫೀಸೂ ಇದೆ.

ಅಪ್ಪ ಹೇಳೋದು, ಮುಂದಿನ ವರ್ಷದಿಂದ ಎಳನೀರು ಕೊಟ್ಟುಬಿಡೋಣ, ದುಡ್ಡು ಆವತ್ತೇ ಕೈಗೆ. ತಪ್ಪು ಅನ್ನಕ್ಕಾಗಲ್ಲ. ಎಳನೀರಿಗೆ ಅಟ್ಟ ಬೇಡ, ಕಿವಿ ಬೇಡ, ಕಾಯೋದು ಬೇಡ. ಆದ್ರೆ ನನ್ನ ಲೆಕ್ಕ ಬೇರೆ: ಅರ್ಧ ಎಳನೀರಿಗೆ, ಅರ್ಧ ಅಟ್ಟಕ್ಕೆ. ಎರಡು ಪುಟ ಬರೆದು ತೋರಿಸಿದೀನಿ, ಇನ್ನೂ ಉತ್ತರ ಬಂದಿಲ್ಲ.

ನಿನ್ನೆಗೆ ಆರುನೂರು ಕಾಯಿ ಕೇಳಿ ಮುಗಿಸಿದ್ವಿ. ಮೂಕವಾಗಿದ್ದು ಮೂವತ್ತೊಂದು. ಕೊನೇ ಫೋಟೋದಲ್ಲಿ ಪಕ್ಕಕ್ಕಿಟ್ಟಿರೋದು ಅವೇ. ಇವತ್ತು ಕಾಲೇಜು ಬಿಟ್ಟ ಮೇಲೆ ಮತ್ತೆ ಅಟ್ಟ ಹತ್ತಬೇಕು, ಅಜ್ಜಿ ಆಗ್ಲೇ ಏಣಿ ಹಾಕಿಸಿ ಕೂತಿದ್ದಾಳೆ.

#ತಿಪಟೂರು #ಗಿಟುಕು #ಅಟ್ಟದಮೇಲೆಒಂದುವರ್ಷ