ಸುರುಳಿ ಬಿಸ್ಕತ್ತು ಕಲಿಸಿದ ಪಾಠ

ಫೆಬ್ರವರಿ 14ನೆಯ ದಿನವನ್ನು ಪ್ರೇಮಿಗಳ ದಿನವೆಂದು ಆಚರಿಸುವ ಪದ್ಧತಿಯನ್ನು ನಾವು ಅನೇಕ ವೇದಿಕೆಗಳ ಮೇಲೆ ಖಂಡಿಸಿ ಮಾತನಾಡಿದವರು. ವರ್ಷಕ್ಕೊಂದು ದಿನ ಪ್ರೀತಿಯನ್ನು ಪ್ರದರ್ಶನಕ್ಕಿಡುವುದು ವ್ಯಾಪಾರಿಗಳ ಹೂಟವಲ್ಲದೆ ಮತ್ತೇನೂ ಅಲ್ಲವೆಂದು ನಮ್ಮ ವಾದವಾಗಿತ್ತು. ಸಭಿಕರು ಚಪ್ಪಾಳೆ ತಟ್ಟುತ್ತಿದ್ದರು. ಅಂಥ ನಾವು 2025ರ ಫೆಬ್ರವರಿಯಲ್ಲಿ, ನಮ್ಮ 67ನೆಯ ವಯಸ್ಸಿನಲ್ಲಿ, ಸಾವಿರಾರು ಮೈಲಿ ದೂರದ ಅಡುಗೆಮನೆಯೊಂದರಲ್ಲಿ ನಿಂತು, ಕೈಯಲ್ಲಿ ಲಟ್ಟಣಿಗೆ ಹಿಡಿದು, ಅದೇ ದಿನಕ್ಕಾಗಿ ಬಣ್ಣಬಣ್ಣದ ಬೆಣ್ಣೆ ಬಿಸ್ಕತ್ತುಗಳನ್ನು ಮಾಡಿದೆವು. ಇದು ಹೇಗೆ ಸಂಭವಿಸಿತೆಂಬುದನ್ನು ವಾಚಕ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮಗೆ ಒಬ್ಬಳೇ ಮಗಳು. ಉಚ್ಚ ಶಿಕ್ಷಣಕ್ಕೆಂದು ಅಮೆರಿಕಕ್ಕೆ ತೆರಳಿದವಳು 2010ರಲ್ಲಿ ಅಲ್ಲಿಯವರನ್ನೇ ಮೆಚ್ಚಿ ವಿವಾಹವಾದಳು. ಕರೆಯೋಲೆ ಬಂದಿತು, ನಾವು ಉತ್ತರಿಸಲಿಲ್ಲ. ಮಗಳೊಡನೆ ಮಾತು ನಿಂತಿರಲಿಲ್ಲವಾದರೂ ಅಳಿಯಂದಿರ ಹೆಸರನ್ನು ನಾವು ಒಮ್ಮೆಯೂ ಉಚ್ಚರಿಸಲಿಲ್ಲ. 2016ರ ಜನವರಿಯಲ್ಲಿ ಮೊಮ್ಮಗಳು ಹುಟ್ಟಿದಾಗ ನಮ್ಮ ಗೃಹಿಣಿಯವರು ಒಬ್ಬರೇ ವಿಮಾನವೇರಿ ಹೋಗಿ, ಮೂರು ತಿಂಗಳು ಬಾಣಂತನ ಮುಗಿಸಿ ಬಂದರು. ಅಲ್ಲಿಯ ಸಂಗತಿಗಳನ್ನು ಅವರು ಹೇಳಹೊರಟಾಗಲೆಲ್ಲ ನಾವು ಪುಸ್ತಕ ತೆರೆದು ಕುಳಿತೆವು. ಅವರು ಹೇಳುವುದನ್ನು ಬಿಟ್ಟರು. 2022ರಲ್ಲಿ ಅವರು ಲಿಂಗೈಕ್ಯರಾದರು. ಅಂದು ಮಗಳೊಡನೆ ಅಳಿಯಂದಿರೂ ಬಂದು ನಮ್ಮ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತಿದ್ದರು. ಆಗಲೂ ನಾವು ಅವರೊಡನೆ ಆಡಿದ ಮಾತು ಹತ್ತಕ್ಕೆ ಮೀರಿರಲಾರದು.

ಎರಡು ವರ್ಷ ಒಬ್ಬರೇ ಬೇಯಿಸಿಕೊಂಡು ಉಂಡ ಮೇಲೆ ಮಗಳ ಒತ್ತಾಯಕ್ಕೆ ಮಣಿದು, 2025ರ ಜನವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಪಟ್ಟಣವನ್ನು ಸೇರಿದೆವು. ಮೆಂಡೋಟಾ, ಮೊನೋನಾ ಎಂಬ ಎರಡು ಸರೋವರಗಳ ನಡುವಣ ಭೂಮಿಯಲ್ಲಿ ಬೆಳೆದ ಊರದು. ಚಳಿಗಾಲದಲ್ಲಿ ಆ ಸರೋವರಗಳು ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಜನರು ಅವುಗಳ ಮೇಲೆ ನಡೆದುಹೋಗಿ, ಹಿಮಗಡ್ಡೆಗೆ ರಂಧ್ರ ಕೊರೆದು ಮೀನು ಹಿಡಿಯುತ್ತಾರೆ. ಆ ರಾಜ್ಯವು ಹೈನಿಗೆ ಹೆಸರುವಾಸಿ. ಅಲ್ಲಿಯ ವಾಹನಗಳ ಸಂಖ್ಯಾಫಲಕದ ಮೇಲೆಯೇ ‘ಅಮೆರಿಕದ ಹೈನುನಾಡು’ ಎಂಬರ್ಥದ ಮಾತು ಅಚ್ಚಾಗಿರುತ್ತದೆ. ಎಣ್ಣೆಯಿಂದ ತಯಾರಾಗುವ ಮಾರ್ಗರೀನಿಗೆ ಹಳದಿ ಬಣ್ಣ ಕೂಡಿಸಿ ಬೆಣ್ಣೆಯಂತೆ ಕಾಣಿಸಿ ಮಾರುವುದನ್ನು 1895ರಿಂದ 1967ರವರೆಗೆ ಅಲ್ಲಿ ಕಾಯಿದೆಯಿಂದಲೇ ನಿಷೇಧಿಸಿದ್ದರಂತೆ. ಅದು ಬೇಕಾದವರು ಗಡಿ ದಾಟಿ ನೆರೆಯ ಇಲಿನಾಯ್ ರಾಜ್ಯದಿಂದ ಕೊಂಡು ತರುತ್ತಿದ್ದರೆಂದು ಕೇಳಿ ನಕ್ಕೆವು. ಬೆಣ್ಣೆಯ ಮಾನವನ್ನು ಇಷ್ಟು ಕಾಪಾಡಿದ ಊರಿನಲ್ಲಿ ಬೆಣ್ಣೆ ಬಿಸ್ಕತ್ತು ಮನೆಮನೆಯ ಪದಾರ್ಥವಾಗಿರುವುದು ಸಹಜವೇ ಸರಿ.

ನಾವು ಖಂಡಿಸುತ್ತಿದ್ದ ಆ ದಿನದ ಹಿನ್ನೆಲೆಯನ್ನೂ ಅಲ್ಲಿಯೇ ಓದಿ ತಿಳಿದೆವು. ಮೂರನೆಯ ಶತಮಾನದ ರೋಮಿನಲ್ಲಿ ಧರ್ಮಕ್ಕಾಗಿ ಪ್ರಾಣ ತೆತ್ತ ವ್ಯಾಲೆಂಟೈನ್ ಎಂಬ ಸಂತರ ಸ್ಮರಣೆಯ ದಿನವದು. ಹದಿನಾಲ್ಕನೆಯ ಶತಮಾನದ ಆಂಗ್ಲ ಕವಿ ಚಾಸರ್ ಆ ದಿನದಂದು ಹಕ್ಕಿಗಳು ಜೊತೆಯನ್ನು ಆರಿಸಿಕೊಳ್ಳುತ್ತವೆಂದು ಕಾವ್ಯದಲ್ಲಿ ವರ್ಣಿಸಿದನು. ಅಲ್ಲಿಂದ ಮುಂದೆ ಅದು ಪ್ರಣಯದೊಡನೆ ಬೆಸೆದುಕೊಂಡಿತು. 1840ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಪಟ್ಟಣದ ಎಸ್ತರ್ ಹೌಲೆಂಡ್ ಎಂಬ ತರುಣಿ ಕಸೂತಿಯಂತಹ ಕಾಗದದಿಂದ ಶುಭಾಶಯ ಪತ್ರಗಳನ್ನು ಮಾಡಿಸಿ ಮಾರತೊಡಗಿದಳು. ಕ್ಯಾಥೊಲಿಕ್ ಧರ್ಮಪೀಠವು 1969ರಲ್ಲಿ ಈ ಸಂತರ ಹಬ್ಬವನ್ನು ತನ್ನ ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟರೂ ಜನರು ದಿನವನ್ನು ಬಿಡಲಿಲ್ಲ. ವ್ಯಾಪಾರದ ಹೂಟವೆಂಬ ನಮ್ಮ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಪೂರ್ತಿ ನಿಜವೂ ಅಲ್ಲವೆಂಬುದು ಮೊಮ್ಮಗಳಿಂದ ನಮಗೆ ತಿಳಿಯಿತು.

ಆ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಆ ದಿನ ಮಕ್ಕಳು ಸಹಪಾಠಿಗಳಿಗೆ ಪುಟ್ಟ ಪತ್ರಗಳನ್ನು ಹಂಚುತ್ತಾರೆ. ಮೂರನೆಯ ತರಗತಿಯ ನಮ್ಮ ಮೊಮ್ಮಗಳು ಮೇಜಿನ ಮುಂದೆ ಕುಳಿತು 22 ಪತ್ರಗಳ ಮೇಲೆ 22 ಹೆಸರು ಬರೆಯುತ್ತಿದ್ದಳು. ಒಂದು ಹೆಸರಿಗೆ ಬಂದಾಗ ಮುಖ ಸಣ್ಣದಾಯಿತು. ಅವಳ ಊಟದ ಡಬ್ಬಿಯನ್ನು ನೋಡಿ ಹಂಗಿಸುವ ಹುಡುಗನ ಹೆಸರದು.

“ಬೇಡವಾದರೆ ಬಿಟ್ಟುಬಿಡು ಮಗೂ” ಎಂದೆವು.

“ಹಂಗ ಬಿಡಬಾರದು ಅಜ್ಜಾ. ಕೊಡೋದಾದರ ಎಲ್ಲಾರಿಗೂ ಕೊಡಬೇಕು. ಒಂದು ಹೆಸರೂ ಬಿಡೂ ಹಂಗಿಲ್ಲ. ನಮ್ಮ ಟೀಚರ್ ಹೇಳ್ಯಾರ” ಎಂದು ಹೇಳಿ ಆ ಹೆಸರನ್ನೂ ಬರೆದಳು.

ಹದಿನೈದು ವರ್ಷ ಒಂದು ಹೆಸರನ್ನು ಬಿಟ್ಟು ಬಾಳಿದ ನಮಗೆ ಆ ಮಾತು ತಾಗಿತು. ಏನೂ ಹೇಳದೆ ಕಿಟಕಿಯ ಹೊರಗಿನ ಹಿಮವನ್ನು ನೋಡುತ್ತ ಕುಳಿತೆವು.

ಶಾಲೆಗೆ ಮನೆಯ ತಿನಿಸು ಒಯ್ಯುವಂತಿಲ್ಲ. ಕೆಲವು ಮಕ್ಕಳಿಗೆ ಕಡಲೆಕಾಯಿ ಮೊದಲಾದವು ಮೈಗೆ ಒಗ್ಗದೆ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಆದ್ದರಿಂದ ಬಿಸ್ಕತ್ತುಗಳು ಮನೆಯವರಿಗೆ ಮತ್ತು ನೆರೆಹೊರೆಯವರಿಗೆ. ಫೆಬ್ರವರಿ 12ರ ಸಂಜೆ ಮಗಳು ಕಪಾಟಿನಿಂದ ಹಳೆಯ ಚೀಟಿಯೊಂದನ್ನು ತೆಗೆದಳು. ಅಳಿಯಂದಿರ ತಾಯಿ, ಎಂದರೆ ನಮ್ಮ ಬೀಗತಿಯವರು, ತಮ್ಮ ಕೈಯಿಂದ ಇಂಗ್ಲಿಷಿನಲ್ಲಿ ಬರೆದ ಪಾಕಕ್ರಮವದು. ಅವರು 2020ರಲ್ಲಿ ತೀರಿಕೊಂಡರು. ನಾವು ಅವರನ್ನು ಕಂಡಿರಲೇ ಇಲ್ಲ. ಚೀಟಿಯಲ್ಲಿ ‘ಒಂದು ಮೊಟ್ಟೆ’ ಎಂಬ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಹೀಗೆ ಬರೆದಿತ್ತು: ‘ಮೊಟ್ಟೆ ಬ್ಯಾಡ. ಹಾಲು ಎರಡು ಚಮಚ.’

ತಾಳೆಗರಿಗಳ ಪಾಠಾಂತರ ನೋಡುವುದರಲ್ಲಿಯೇ ಆಯುಷ್ಯ ಸವೆಸಿದವರು ನಾವು. ಲಿಪಿಕಾರನ ಕೈಯನ್ನು ಗುರುತಿಸುವುದು ನಮಗೆ ಹೊಸದಲ್ಲ. ಕೊಂಬನ್ನು ಉದ್ದಕ್ಕೆ ಎಳೆದು ಬರೆಯುವ ಆ ಕೈ ನಮ್ಮ ಗೃಹಿಣಿಯವರದು. ಸಂತೆಯ ಪಟ್ಟಿಯನ್ನು ಅವರು ಹಾಗೆಯೇ ಬರೆದುಕೊಡುತ್ತಿದ್ದರು.

ಮಗಳು ಹೇಳಿದಳು: “ನಾ ಬಾಣಂತಿ ಇದ್ದಾಗ ಆದದ್ದು ಅಪ್ಪಾ. ಅವ್ವಗ ಇಂಗ್ಲಿಷ್ ಬರ್ತಿದ್ದಿಲ್ಲ, ಅತ್ತೆಯವರಿಗೆ ಕನ್ನಡ ಬರ್ತಿದ್ದಿಲ್ಲ. ಆದರೂ ಇಬ್ಬರೂ ಮೂರು ತಾಸು ಅಡಿಗಿಮನಿಯೊಳಗ ನಕ್ಕೋತ ಇದ್ದರು. ಅವ್ವ ತಿನ್ನಬೇಕಂತ ಅತ್ತೆಯವರು ತಾವ ಮೊಟ್ಟಿ ಸಾಲು ಹೊಡೆದುಹಾಕಿ, ಪೆನ್ನು ಅವ್ವನ ಕೈಯಾಗ ಕೊಟ್ಟರು.”

ಆ ಸಂಗತಿಯನ್ನೇ ಅವರು ಊರಿಗೆ ಬಂದು ನಮಗೆ ಹೇಳಹೊರಟಿದ್ದಿರಬೇಕು. ನಾವು ಪುಸ್ತಕ ತೆರೆದೆವು.

ನಾವೂ ಕೈಜೋಡಿಸುತ್ತೇವೆಂದಾಗ ಮಗಳು ಅಚ್ಚರಿಯಿಂದ ನೋಡಿದಳು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಸರದಿಯ ಮೇಲೆ ಹಿಟ್ಟು ನಾದಿದ ಕೈಗಳು ವಿವಾಹವಾದ ಮೇಲೆ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಕ್ರಮ ಹೀಗಿದೆ: ಬೆಣ್ಣೆ 226 ಗ್ರಾಂ, ಸಕ್ಕರೆ 150 ಗ್ರಾಂ, ಮೈದಾ 300 ಗ್ರಾಂ, ಹಾಲು ಎರಡು ದೊಡ್ಡ ಚಮಚ, ವೆನಿಲಾ ಸಾರ ಒಂದು ಸಣ್ಣ ಚಮಚ, ಚಿಟಿಕೆ ಉಪ್ಪು. ಮೆತ್ತಗಾದ ಬೆಣ್ಣೆಗೆ ಸಕ್ಕರೆ ಕೂಡಿಸಿ ಬಿಳಿಚಿಕೊಳ್ಳುವವರೆಗೆ ತಿರುವಬೇಕು. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಹೊಗಿಸುತ್ತವೆ. ಬಿಸ್ಕತ್ತು ಹಗುರಾಗುವುದು ಅದರಿಂದಲೇ. ಮೈದಾ ಹಾಕಿದ ಮೇಲೆ ಮಾತ್ರ ಹೆಚ್ಚು ನಾದಬಾರದು. ನಾದಿದರೆ ಹೋಳಿಗೆಯ ಕಣಕದಂತೆ ಜಿಗುಟು ಬಂದು ಬಿಸ್ಕತ್ತು ಬಿರುಸಾಗುತ್ತದೆ.

ಮುಂದಿನದು ಬಣ್ಣದ ಪ್ರಶ್ನೆ. ಮನೆಯಲ್ಲಿದ್ದ ಕೆಂಪು ಬಣ್ಣದ ಸೀಸೆಯನ್ನು ಮಗಳು ಬುಟ್ಟಿಗೆ ಎಸೆದಳು. ‘ರೆಡ್ 3’ ಎಂಬ ಕೃತಕ ವರ್ಣಕ್ಕೆ ಆಹಾರದಲ್ಲಿದ್ದ ಅನುಮತಿಯನ್ನು ಅಲ್ಲಿಯ ಸರಕಾರವು ಅದೇ ಜನವರಿಯಲ್ಲಿ ಹಿಂತೆಗೆದುಕೊಂಡಿತ್ತು. ತಯಾರಕರಿಗೆ 2027ರ ಜನವರಿಯವರೆಗೆ ಅವಧಿ ಕೊಟ್ಟಿತ್ತು. ಇನ್ನು ‘ಕಾರ್ಮೈನ್’ ಎಂಬ ಕೆಂಪು ಬಣ್ಣವಿದೆ. ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟಗಳನ್ನು ಒಣಗಿಸಿ ತೆಗೆದದ್ದು. 2011ರಿಂದ ಅಲ್ಲಿ ಅದರ ಹೆಸರನ್ನು ಡಬ್ಬಿಯ ಮೇಲೆ ನಮೂದಿಸುವುದು ಕಡ್ಡಾಯವಾಗಿದೆ. ನಮ್ಮ ಮನೆಗಳವರು ತಂದ ತಿನಿಸಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು.

“ಬೀಟ್‌ರೂಟ್ ಇದೆಯಲ್ಲ” ಎಂದು ನಾವು ಪಂಡಿತರಂತೆ ಸಲಹೆ ಕೊಟ್ಟೆವು. ರಸ ಹಿಂಡಿ ಸ್ವಲ್ಪ ಹಿಟ್ಟಿಗೆ ಕಲಸಿದಾಗ ಬಣ್ಣ ಮನೋಹರವಾಗಿಯೇ ಇತ್ತು. ಎರಡು ಬಿಲ್ಲೆಗಳನ್ನು ಬೇಯಿಸಿ ನೋಡಿದರೆ ಕೆಂಪು ಅಡಗಿ ಕೆಸರಿನ ಬಣ್ಣವಾಗಿತ್ತು. ಬೀಟ್‌ರೂಟಿನ ಕೆಂಪು ಓವನ್ನಿನ ಕಾವಿಗೆ ನಿಲ್ಲುವಂಥದಲ್ಲ. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಮಗಳು ಒಣಗಿಸಿದ ಸ್ಟ್ರಾಬೆರಿ ಹಣ್ಣನ್ನು ಪುಡಿಮಾಡಿ ಒಂದು ಪಾಲಿಗೆ ಹಾಕಿದಳು. ಅದು ಎಳೆಗೆಂಪು ಬಣ್ಣ ತಾಳಿತು. ಸೋತ ನಾವು ಬಿಡದೆ, ಇನ್ನೊಂದು ಪಾಲಿಗೆ ಚಿಟಿಕೆ ಅರಿಶಿನ ಹಾಕಿಸಿದೆವು. ಅರಿಶಿನ ಕಾವಿಗೆ ಅಂಜುವುದಿಲ್ಲ. ಆದರೆ ಅರಿಶಿನವಿದ್ದಲ್ಲಿ ಸೋಡಾ ಕೂಡದು. ಬಟ್ಟಲಿನಲ್ಲಿ ಅರಿಶಿನದ ನೀರಿಗೆ ಸೋಡಾ ಹಾಕಿ ಅದು ಕೆಂಪಡರುವುದನ್ನು ಮಗುವಿಗೆ ತೋರಿಸಿ, ನಮ್ಮಲ್ಲಿ ಅರಿಶಿನಕ್ಕೆ ಸುಣ್ಣ ಕೂಡಿಸಿ ಆರತಿಯ ಕೆಂಪು ನೀರು ಮಾಡುವುದೂ ಹೀಗೆಯೇ ಎಂದು ವಿವರಿಸಿದೆವು. ಆ ಮಗು ನಮ್ಮನ್ನು ವಿದ್ವಾಂಸರೆಂದು ಒಪ್ಪಿದ್ದು ಆ ಗಳಿಗೆಯಲ್ಲಿ.

ಬಿಳಿ, ಎಳೆಗೆಂಪು, ಹಳದಿ ಮೂರು ಹಿಟ್ಟುಗಳನ್ನು ಕಾಗದಗಳ ನಡುವೆ ಚಪ್ಪಟೆಯಾಗಿ ಲಟ್ಟಿಸಿ, ಒಂದರ ಮೇಲೊಂದು ಹೊಂದಿಸಿ, ಚಾಪೆಯಂತೆ ಬಿಗಿಯಾಗಿ ಸುತ್ತಿ, ಎರಡು ತಾಸು ಫ್ರಿಜ್ಜಿನಲ್ಲಿ ಇಡಬೇಕು. ತಣಿಯದೆ ಓವನ್ನಿಗೆ ಹೋದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ, ಸುರುಳಿಯೆಲ್ಲ ಹರಡಿ ಹಾಳಾಗುತ್ತದೆ. ನಾವು ಅವಸರಪಟ್ಟು ಅರ್ಧ ತಾಸಿಗೇ ತೆಗೆದು ಚಾಕು ಹಾಕಿದೆವು, ಸುರುಳಿ ಅಪ್ಪಚ್ಚಿಯಾಯಿತು. ಅಷ್ಟರಲ್ಲಿ ಅಳಿಯಂದಿರು ಕೆಲಸದಿಂದ ಬಂದು ಬಾಗಿಲಲ್ಲಿ ಹಿಮ ಕೊಡವಿಕೊಳ್ಳುತ್ತಿದ್ದರು. ನಮ್ಮ ಕೈಯ ಚಾಕುವನ್ನೂ ಮೇಜಿನ ಮೇಲಿನ ಚೀಟಿಯನ್ನೂ ನೋಡಿ ಕ್ಷಣಕಾಲ ನಿಂತರು. ಬಳಿಕ ಕೈತೊಳೆದು ಬಂದು ಸುರುಳಿಯನ್ನು ಮತ್ತೆ ಒಳಗಿಟ್ಟರು. ತಣಿದ ಮೇಲೆ ಮೆಲ್ಲನೆ ಕೊಯ್ದು ತೋರಿಸಿದರು: ಒಂದು ಬಿಲ್ಲೆ ಕೊಯ್ದ ಕೂಡಲೆ ಸುರುಳಿಯನ್ನು ಕಾಲುಸುತ್ತು ಉರುಳಿಸಿ ಮುಂದಿನದನ್ನು ಕೊಯ್ಯಬೇಕು, ಆಗ ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗುವುದಿಲ್ಲ. ಅವರ ತಾಯಿಯವರು ಕಲಿಸಿದ್ದಂತೆ. ಅವರು ಕೊಯ್ದರು, ನಾವು ಉರುಳಿಸಿದೆವು. ಮಾತು ಬೇಕಾಗಲಿಲ್ಲ.

ಕಾಲು ಅಂಗುಲ ದಪ್ಪದ ಬಿಲ್ಲೆಗಳು 175 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹತ್ತು ಹನ್ನೆರಡು ನಿಮಿಷ ಬೆಂದರೆ ಸಾಕು. ಅಂಚು ತುಸು ಹೊಂಬಣ್ಣಕ್ಕೆ ತಿರುಗುತ್ತಲೇ ತೆಗೆಯಬೇಕು. ಬೆಣ್ಣೆಯ ಪರಿಮಳ ಮನೆಯನ್ನೆಲ್ಲ ತುಂಬಿತು. ತಟ್ಟೆ ಆರಿದ ಮೇಲೆ ಮೊದಲನೆಯ ಬಿಸ್ಕತ್ತನ್ನು ತೆಗೆದು ನಾವು ಅಳಿಯಂದಿರ ಅಂಗೈಯಲ್ಲಿಟ್ಟೆವು. ಅವರ ಹೆಸರು ಹಿಡಿದು ಕರೆದು, “ತೆಗೆದುಕೊಳ್ಳಿ” ಎಂದೆವು. ಹದಿನೈದು ವರ್ಷಗಳಲ್ಲಿ ನಾವು ಅವರಿಗೆ ಕೈಯಾರೆ ಕೊಟ್ಟ ಮೊದಲ ವಸ್ತು ಅದು.

ಅವರು ಅದನ್ನು ಹಾಗೆಯೇ ಹಿಡಿದುಕೊಂಡು, ಅಚ್ಚ ಕನ್ನಡದಲ್ಲಿ, “ಮಾವಾ” ಎಂದರು. 2016ರಲ್ಲಿ ನಮ್ಮ ಗೃಹಿಣಿಯವರು ಕಲಿಸಿಹೋದ ಮಾತಂತೆ. ಕಲಿತು ಒಂಬತ್ತು ವರ್ಷವಾದರೂ ಅದನ್ನು ಬಳಸುವ ಸಂದರ್ಭವನ್ನು ನಾವೇ ಒದಗಿಸಿರಲಿಲ್ಲ.

14ರಂದು ಬೆಳಿಗ್ಗೆ ಮೊಮ್ಮಗಳ ಜೊತೆಯಲ್ಲಿ ಹಿಮದ ಮೇಲೆ ಜೋಪಾನವಾಗಿ ನಡೆದು ನಾಲ್ಕು ಮನೆಗಳಿಗೆ ಬಿಸ್ಕತ್ತು ಕೊಟ್ಟುಬಂದೆವು. ಪತಿಯನ್ನು ಕಳೆದುಕೊಂಡ ವೃದ್ಧೆಯೊಬ್ಬರು ಬಾಗಿಲಲ್ಲಿಯೇ ಒಂದನ್ನು ತಿಂದು, ಮತ್ತೊಂದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡರು.

ವಾಚಕ ಬಂಧುಗಳೇ, ಆ ದಿನವನ್ನು ನಮ್ಮಲ್ಲಿಯೂ ಆಚರಿಸಿರೆಂದು ನಾವು ಹೇಳುತ್ತಿಲ್ಲ. ನಮಗೆ ಹಬ್ಬಗಳಿಗೇನೂ ಕೊರತೆಯಿಲ್ಲ. ಆದರೆ ಕಟ್ಟಿಕೊಂಡವರಿಗೆ, ಮಕ್ಕಳಿಗೆ, ಮಕ್ಕಳು ಮೆಚ್ಚಿ ತಂದವರಿಗೆ ನಮ್ಮ ಕೈಯಾರೆ ಏನನ್ನಾದರೂ ಮಾಡಿಕೊಡುವುದನ್ನು ಮುಂದಕ್ಕೆ ಹಾಕಬೇಡಿರಿ. ನಾಲ್ವತ್ತು ವರ್ಷ ನಮಗೆ ಬಿಸಿರೊಟ್ಟಿ ಬಡಿದುಕೊಟ್ಟ ಗೃಹಿಣಿಗೆ ನಾವು ಒಂದು ದಿನವೂ ಒಂದು ಲೋಟ ಹಾಲು ಕಾಯಿಸಿ ಕೊಟ್ಟವರಲ್ಲ. ಆ ಲೆಕ್ಕ ಇನ್ನು ತೀರುವಂತಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಮೊಮ್ಮಗಳು ಆ ಚೀಟಿಯನ್ನು ತಂದು ನಮ್ಮ ಮುಂದಿಟ್ಟು, “ನೀನೂ ಬರಿ ಅಜ್ಜಾ” ಎಂದಳು. ಬೀಗತಿಯವರ ಅಕ್ಷರ, ಅದರ ಪಕ್ಕದಲ್ಲಿ ಗೃಹಿಣಿಯವರ ಅಕ್ಷರ. ಕೆಳಗೆ ಉಳಿದಿದ್ದ ಸ್ವಲ್ಪ ಜಾಗದಲ್ಲಿ ನಾವು ಬರೆದೆವು: ‘ಅರಿಶಿನ ಒಂದು ಚಿಟಿಕೆ. ಸೋಡಾ ಬ್ಯಾಡ.’