ನಾಟಿಂಗ್‌ಹ್ಯಾಮಿನ ಬೊಂಬೆ ದಂಡು

ಇಂಗ್ಲೆಂಡಿನ ನಡುನಾಡಿನಲ್ಲಿ, ಟ್ರೆಂಟ್ ನದಿಯ ಸಮೀಪದ ಮರಳುಗಲ್ಲಿನ ದಿಬ್ಬಗಳ ಮೇಲೆ ಹಬ್ಬಿರುವ ನಾಟಿಂಗ್‌ಹ್ಯಾಮ್ ನಗರದ ಹೆಸರು ನಮ್ಮವರ ಕಿವಿಗೆ ಹೊಸದಲ್ಲ. ಸಿರಿವಂತರನ್ನು ಸುಲಿದು ಬಡವರಿಗೆ ಹಂಚಿದನೆಂದು ಕಥೆಗಳು ಹೊಗಳುವ ರಾಬಿನ್‌ಹುಡ್ ಈ ಸೀಮೆಯವನು. ಒಂದು ಕಾಲಕ್ಕೆ ನಮ್ಮ ಶಾನುಭೋಗರೂ ಶಾಲಾಮಾಸ್ತರರೂ ಹೆಮ್ಮೆಯಿಂದ ತುಳಿಯುತ್ತಿದ್ದ ರ್‍ಯಾಲೆ ಸೈಕಲ್ಲಿನ ತೌರೂ ಇದೇ. 1950ರ ದಶಕದಲ್ಲಿ ಬಂಗಾಳದ ಆಸನಸೋಲಿನಲ್ಲಿ ಸೇನ್-ರ್‍ಯಾಲೆ ಎಂಬ ಹೆಸರಿನಿಂದ ತಯಾರಾದ ಸೈಕಲ್ಲುಗಳಿಗೆ ಮೂಲವೂ ಈ ಊರೇ. ಆದರೆ ನಾಟಿಂಗ್‌ಹ್ಯಾಮಿನಲ್ಲಿ ಸೈಕಲ್ ತಯಾರಿಕೆ 2002ರಲ್ಲಿ ನಿಂತುಹೋಯಿತು. ಅದಕ್ಕೂ ಮುಂಚೆಯೇ ಈ ಊರಿನ ಲೇಸಿನ ವ್ಯಾಪಾರವು ಕುಗ್ಗಿಹೋಗಿತ್ತು. ಲೇಸ್ ಮಾರ್ಕೆಟ್ ಎಂಬ ಕೇರಿಯಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಮಳಿಗೆಗಳು ಇಂದಿಗೂ ಗಂಭೀರವಾಗಿ ನಿಂತಿವೆ. ಒಳಗೆ ಲೇಸು ಮಾತ್ರ ಇಲ್ಲ.

ಬೆರಳಿನ ಕುಶಲತೆಯಿಂದ ಬದುಕಿದ ಸೀಮೆಯಿದು. ಕಾಲುಚೀಲ ಹೆಣೆಯುವ ಯಂತ್ರವನ್ನು 1589ರಲ್ಲಿ ನಿರ್ಮಿಸಿದ ವಿಲಿಯಂ ಲೀ ಹತ್ತಿರದ ಕ್ಯಾಲ್ವರ್ಟನ್ ಗ್ರಾಮದವನು. ಅಂತಹ ನಾಡಿನಲ್ಲಿ ಹಳೆಯ ಕಸುಬುಗಳು ಅಳಿದ ಮೇಲೆ ತಲೆಯೆತ್ತಿದ ಹೊಸ ಕಸುಬನ್ನು ಕೇಳಿದವರಿಗೆ ಮೊದಲು ನಗು ಬಂದೀತು. ಅದು ಬೊಂಬೆ ಸೈನಿಕರನ್ನು ಮಾಡುವ ಕಸುಬು! ನಗರದ ನೈಋತ್ಯ ದಿಕ್ಕಿನ ಲೆಂಟನ್ ಬಡಾವಣೆಯಲ್ಲಿ, ವಿಲ್ಲೋ ರಸ್ತೆಯ ಅಂಚಿನಲ್ಲಿ, ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯ ಕಚೇರಿಯೂ ಕಾರ್ಖಾನೆಯೂ ಪ್ರದರ್ಶನಾಲಯವೂ ಒಟ್ಟಿಗೆ ಇವೆ. 2024ರ ಡಿಸೆಂಬರಿನಲ್ಲಿ ಈ ಸಂಸ್ಥೆಯು ಲಂಡನ್ ಷೇರುಪೇಟೆಯ ಅತಿದೊಡ್ಡ ನೂರು ಕಂಪನಿಗಳ ಪಟ್ಟಿಗೆ ಸೇರಿತು ಎಂಬ ಸುದ್ದಿಯನ್ನು ಕೇಳಿದ ಮೇಲೆ ನಗು ತಾನಾಗಿಯೇ ಅಡಗುತ್ತದೆ.

1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಸೇರಿ ಮರದ ಆಟದ ಹಲಗೆಗಳನ್ನು ಕೈಯಿಂದ ಮಾಡಿ ಮಾರಲು ತೊಡಗಿದ್ದೇ ಇದರ ಆರಂಭ. ಆ ದಶಕದ ಕೊನೆಯಲ್ಲಿ ನಾಟಿಂಗ್‌ಹ್ಯಾಮಿಗೆ ಅನತಿದೂರದ ನ್ಯೂವಾರ್ಕ್ ಪಟ್ಟಣದಲ್ಲಿ ಲೋಹದ ಬೊಂಬೆಗಳನ್ನು ಎರಕಹೊಯ್ಯುವ ಸಿಟಡೆಲ್ ಎಂಬ ಶಾಖೆ ಹುಟ್ಟಿತು. 1983ರಲ್ಲಿ ವಾರ್‌ಹ್ಯಾಮರ್ ಎಂಬ ಯುದ್ಧದ ಆಟ ಹೊರಬಂದಿತು. ಲೇಖಕ ಡಿ. ಎಚ್. ಲಾರೆನ್ಸ್ ಹುಟ್ಟಿದ ಗಣಿಗಾರರ ಊರಾದ ಈಸ್ಟ್‌ವುಡ್‌ನಲ್ಲಿ ಕೆಲವು ಕಾಲವಿದ್ದು, 1990ರ ದಶಕದಲ್ಲಿ ಸಂಸ್ಥೆಯು ಲೆಂಟನ್ನಿಗೆ ಬಂದು ನೆಲೆಸಿತು. ಇಲ್ಲಿ ಕೆಲಸ ಕಲಿತು ಹೊರಬಿದ್ದ ಶಿಲ್ಪಿಗಳೂ ಎರಕದವರೂ ಸುತ್ತಮುತ್ತ ತಮ್ಮವೇ ಸಣ್ಣ ಸಂಸ್ಥೆಗಳನ್ನು ಕಟ್ಟಿಕೊಂಡದ್ದರಿಂದ, ಈ ಸೀಮೆಗೆ ‘ಸೀಸದ ಪಟ್ಟಿ’ ಎಂಬ ಅಡ್ಡಹೆಸರು ಬಿದ್ದಿದೆ.

ಅಂಗಳದಲ್ಲಿ ಪ್ರವಾಸಿಗನನ್ನು ಎದುರುಗೊಳ್ಳುವುದು ಕಾಲ್ಪನಿಕ ಭವಿಷ್ಯತ್ಕಾಲದ ಕವಚಧಾರಿ ಸೈನಿಕನ ಬೃಹತ್ ವಿಗ್ರಹ. ಒಳಗೆ ಹಳೆಯ ಕೋಟೆಯಂತೆ ಅಲಂಕರಿಸಿದ ವಿಶಾಲವಾದ ಆಟದ ಸಭಾಂಗಣ, ಬೆಟ್ಟ, ಕಣಿವೆ, ಪಾಳುಗೋಡೆಗಳನ್ನು ಹೊತ್ತ ಮೇಜುಗಳ ಸಾಲು, ಪಕ್ಕದಲ್ಲಿ ಉಪಾಹಾರಗೃಹ. ಆದರೆ ನಿಜವಾಗಿ ನೋಡತಕ್ಕದ್ದು ಪ್ರದರ್ಶನಾಲಯದ ಗಾಜಿನ ಬೀರುಗಳು. ಅವುಗಳಲ್ಲಿ ಒಂದಂಗುಲಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 28 ಮಿಲಿಮೀಟರ್ ಎತ್ತರದ ಮನುಷ್ಯರು ಸಾವಿರಗಟ್ಟಲೆ ನಿಂತಿದ್ದಾರೆ. ಒಬ್ಬನ ಕೆನ್ನೆಯ ಮೇಲೆ ಹಳೆಯ ಗಾಯದ ಗುರುತು. ಇನ್ನೊಬ್ಬನ ಮೇಲಂಗಿಯ ಅಂಚಿನಲ್ಲಿ ಕೆಸರಿನ ಕಲೆ. ಮತ್ತೊಬ್ಬನು ಕೈಯಲ್ಲಿ ಹಿಡಿದ ದೀವಟಿಗೆಯ ಕೆಂಬೆಳಕು ಅವನ ಗಲ್ಲದ ಕೆಳಗೆ ಮಿನುಗುತ್ತಿದೆ. ದೀವಟಿಗೆಯಲ್ಲಿ ಬೆಂಕಿಯಿಲ್ಲ, ಆ ಬೆಳಕೂ ಬಣ್ಣವೇ.

ಸೈಕಲ್ಲಿನ ಕಾರ್ಖಾನೆಯಿಂದ ಹೊರಬೀಳುತ್ತಿದ್ದುದು ಹತ್ತಿ ಕೂತರೆ ಓಡುವ ಪೂರ್ಣವಾದ ಸೈಕಲ್ಲು. ಈ ಕಾರ್ಖಾನೆಯಿಂದ ಹೊರಬೀಳುವುದಾದರೋ ಅರ್ಧ ಮುಗಿದ ಸಾಮಾನು! ಪೆಟ್ಟಿಗೆಯನ್ನು ತೆರೆದರೆ ಬೂದುಬಣ್ಣದ ಪ್ಲಾಸ್ಟಿಕ್ಕಿನ ಚೌಕಟ್ಟು. ಅದರಲ್ಲಿ ಕೈ, ಕಾಲು, ತಲೆ, ಕತ್ತಿಗಳು ಕಾಯಿಗಳಂತೆ ತೂಗಾಡುತ್ತವೆ. ಕತ್ತರಿಸುವುದು, ಅಂಟಿಸುವುದು, ಬಣ್ಣ ಹಚ್ಚುವುದು ಎಲ್ಲವೂ ಕೊಂಡವನ ಪಾಲು. ಆದಕಾರಣ ಈ ವ್ಯಾಪಾರವು ನಿಲ್ಲಬೇಕಾದರೆ, ಕುಂಚವನ್ನೇ ಹಿಡಿದರಿಯದ ಗುಮಾಸ್ತನಿಗೂ ವಿದ್ಯಾರ್ಥಿಗೂ ಚಿತ್ರಕಲೆಯನ್ನು ಕಲಿಸಲೇಬೇಕು. 1977ರಲ್ಲಿ ಆರಂಭವಾದ ‘ವೈಟ್ ಡ್ವಾರ್ಫ್’ ಮಾಸಪತ್ರಿಕೆಯ ವರ್ಣಪುಟಗಳು, ಅಂಗಡಿಯ ಮೂಲೆಯ ಮೇಜಿನಲ್ಲಿ ಹೊಸಬರಿಗೆ ಬೊಂಬೆಯೊಂದನ್ನು ಬಿಟ್ಟಿಯಾಗಿ ಕೊಟ್ಟು ಕೈಹಿಡಿದು ತಿದ್ದುವ ಪದ್ಧತಿ, 1987ರಿಂದ ನಡೆದುಬಂದಿರುವ ‘ಗೋಲ್ಡನ್ ಡೀಮನ್’ ಸ್ಪರ್ಧೆ, ಇವೆಲ್ಲ ಆ ಶಿಕ್ಷಣದ ಅಂಗಗಳು. ಸ್ಪರ್ಧೆಯಲ್ಲಿ ಸರ್ವಶ್ರೇಷ್ಠನೆನಿಸಿದವನಿಗೆ ನಿಜವಾದ ಅಳತೆಯ ಖಡ್ಗವೊಂದು ಬಹುಮಾನ. ಒಂದಂಗುಲದ ವೀರನನ್ನು ಸಿಂಗರಿಸಿದವನು ಮಾರುದ್ದದ ಕತ್ತಿಯನ್ನು ಹೊತ್ತು ಮನೆಗೆ ಹೋಗುವ ದೃಶ್ಯವು ಸೊಗಸಾಗಿಯೇ ಇದ್ದೀತು.

ಇಷ್ಟೆಲ್ಲ ಕಲಿಯುವುದಕ್ಕೆ ಇದರಲ್ಲಿ ಏನಿದೆ? ಅಂಗಿಗೆ ಕೆಂಪು, ಬೂಟಿಗೆ ಕಪ್ಪು ಬಳಿದರೆ ಸಾಲದೆ? ಸಾಲದು, ಕಾರಣವು ಬೆಳಕಿನಲ್ಲಿದೆ. ಆರಡಿ ಎತ್ತರದ ಮನುಷ್ಯನು ಬಿಸಿಲಿನಲ್ಲಿ ನಿಂತಾಗ ಅವನ ಹುಬ್ಬಿನ ಕೆಳಗೆ, ಅಂಗಿಯ ಮಡಿಕೆಯಲ್ಲಿ, ಗಲ್ಲದಡಿಯಲ್ಲಿ ನೆರಳು ಬೀಳುತ್ತದೆ. ಅವನು ದುಂಡಗಿದ್ದಾನೆಂದು ನಮ್ಮ ಕಣ್ಣಿಗೆ ತಿಳಿಸುವುದೇ ಆ ನೆರಳು. ಅದೇ ಮನುಷ್ಯನನ್ನು ಒಂದಂಗುಲಕ್ಕೆ ಇಳಿಸಿ ಕೋಣೆಯ ಮೇಜಿನ ಮೇಲೆ ನಿಲ್ಲಿಸಿದರೆ, ಮಡಿಕೆಯ ಆಳ ಕೂದಲೆಳೆಯಷ್ಟಾಗುತ್ತದೆ. ಕೋಣೆಯ ಚದರಿದ ಬೆಳಕು ಅದರೊಳಕ್ಕೂ ನುಗ್ಗಿ ನೆರಳನ್ನೆಲ್ಲ ಅಳಿಸುತ್ತದೆ. ಒಂದೇ ಬಣ್ಣ ಬಳಿದ ಬೊಂಬೆ ತೋಳಳತೆಯಲ್ಲಿ ಬರಿಯ ಕಲೆಯಾಗಿ ಕಾಣುವುದು ಇದರಿಂದಲೇ. ಬೆಳಕು ಮಾಡಲಾರದ ಕೆಲಸವನ್ನು ಕುಂಚವೇ ಮಾಡಬೇಕು; ನೆರಳನ್ನೂ ಹೊಳಪನ್ನೂ ಬರೆಯಬೇಕು, ಅದೂ ನಿಜಕ್ಕಿಂತ ಹೆಚ್ಚಾಗಿ ಬರೆಯಬೇಕು. ಯಕ್ಷಗಾನದ ವೇಷಧಾರಿಯ ಮುಖವರ್ಣಿಕೆಯನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿದವರಿಗೆ ಅತಿಯೆನಿಸುವ ಗೆರೆಯೇ ರಂಗಸ್ಥಳದಲ್ಲಿ ದೂರದಿಂದ ಭಾವವಾಗಿ ಅರಳುವುದಿಲ್ಲವೆ? ಅಲ್ಲಿ ದೂರವು ಮಾಡುವುದನ್ನೇ ಇಲ್ಲಿ ಕಿರಿದಾದ ಅಳತೆ ಮಾಡುತ್ತದೆ.

ಹಿಂದಿನವರಿಗೆ ಈ ಚಿಂತೆಯಿರಲಿಲ್ಲ. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿಯವರು 1893ರಲ್ಲಿ ಟೊಳ್ಳಾದ ಸೀಸದ ಸೈನಿಕರನ್ನು ಎರಕಹೊಯ್ಯಲು ತೊಡಗಿದಾಗ, ಮಿರುಗುವ ಎನಾಮಲ್ ಬಣ್ಣದಿಂದ ಗುಲಾಬಿ ಕೆನ್ನೆ, ಕೆಂಪು ಕೋಟು ತೊಡಿಸಿ ಮಕ್ಕಳ ಕೈಗೆ ಕೊಟ್ಟರು. 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಇಂತಹ ಆಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟ ಎಚ್. ಜಿ. ವೆಲ್ಸ್, ಕಡ್ಡಿ ಹಾರಿಸುವ ಸ್ಪ್ರಿಂಗ್ ತೋಪಿನಿಂದ ಅವರನ್ನು ನಿಜವಾಗಿಯೇ ಹೊಡೆದುರುಳಿಸುವ ಏರ್ಪಾಡು ಮಾಡಿದ್ದನು. ತೋಪಿಗೆ ಎದೆಯೊಡ್ಡುವ ಬೊಂಬೆಗೆ ಕಣ್ಣಿನ ರೆಪ್ಪೆ ಬರೆಯುವವರಾರು?

ಇಂದಿನ ಕ್ರಮವೇ ಬೇರೆ. ಮೊದಲು ತಳಲೇಪವಾಗಬೇಕು, ಪ್ರೈಮರ್ ಎಂದು ಕರೆಯುವ ಇದಿಲ್ಲದೆ ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬಣ್ಣವು ಹಿಡಿಯದು. ನುರಿತವರು ಮೊದಲು ಇಡಿಯ ಬೊಂಬೆಗೆ ಕಪ್ಪನ್ನು ಸಿಂಪಡಿಸಿ, ಬಳಿಕ ಮೇಲುಗಡೆಯಿಂದ ಮಾತ್ರ ಬಿಳಿಯನ್ನು ಸಿಂಪಡಿಸುತ್ತಾರೆ. ನಡುಹಗಲಿನ ಸೂರ್ಯನು ಎಲ್ಲೆಲ್ಲಿ ತಾಗುತ್ತಾನೋ ಅಲ್ಲೆಲ್ಲ ಬಿಳುಪೂ, ಉಳಿದೆಡೆ ಕತ್ತಲೆಯೂ ಒಂದೇ ನಿಮಿಷದಲ್ಲಿ ಸಿದ್ಧ. ಆಮೇಲೆ ಮೂಲವರ್ಣ. ಹೊಸಬರೆಲ್ಲ ಎಡವುವುದು ಇಲ್ಲಿಯೇ. ಬಣ್ಣವನ್ನು ಕುಪ್ಪಿಯಿಂದ ನೇರವಾಗಿ ಬಳಿದರೆ ಶಿಲ್ಪಿಯು ಶ್ರಮದಿಂದ ಕೆತ್ತಿದ ಗುಂಡಿ, ಹೊಲಿಗೆ, ಬೆರಳುಗಳೆಲ್ಲ ಸುಣ್ಣ ಬಳಿದ ಹಳೆಯ ದೇವಸ್ಥಾನದ ಕೆತ್ತನೆಯಂತೆ ಮುಚ್ಚಿಹೋಗುತ್ತವೆ. ನೀರು ಬೆರೆಸಿ ಹಾಲಿನ ಹದಕ್ಕೆ ತಂದು, ಒಂದು ದಪ್ಪಪದರದ ಬದಲು ಎರಡು ತೆಳುಪದರ ಹಚ್ಚಬೇಕು. ಮೊದಲನೆಯದು ಎಷ್ಟು ಕೊಳಕಾಗಿ ಕಂಡರೂ ಧೈರ್ಯಗೆಡಬಾರದು.

ನೆರಳಿಗಾಗಿ ಮಡಿಕೆಗಳಿಗೆ ತಿಳಿಯಾದ ಕಪ್ಪುಗಂದು ವರ್ಣವನ್ನು ಹರಿಯಬಿಡುತ್ತಾರೆ. ಅದು ತಾನಾಗಿಯೇ ತಗ್ಗಿನಲ್ಲಿ ತಂಗಿ ನೆರಳಾಗುತ್ತದೆ. ಹೊಳಪಿಗಾಗಿ ಕುಂಚವನ್ನು ಬಟ್ಟೆಯಲ್ಲಿ ಒರೆಸಿ, ಉಳಿದ ಒಣಬಣ್ಣವನ್ನು ಉಬ್ಬುಗಳ ಮೇಲೆ ಸವರುತ್ತಾರೆ. ತುಪ್ಪಳಕ್ಕೂ ಸರಪಳಿಯ ಕವಚಕ್ಕೂ ಇದು ಹೇಳಿಮಾಡಿಸಿದ ಉಪಾಯ. ನುಣುಪಾದ ಕೆನ್ನೆಗೆ ಮಾತ್ರ ಇದು ಸಲ್ಲದು. ಮುಖವೆಲ್ಲ ಧೂಳು ಹೊಯ್ದಂತಾಗುತ್ತದೆ. ಅಲ್ಲಿ ಒಂದರಿಂದ ಒಂದು ತುಸುವೇ ತಿಳಿಯಾದ ಪದರಗಳನ್ನು, ಪ್ರತಿಸಲವೂ ಜಾಗವನ್ನು ಕಿರಿದುಗೊಳಿಸುತ್ತ, ಮೂಗಿನ ತುದಿಯವರೆಗೆ ಏರಿಸಿಕೊಂಡು ಹೋಗಬೇಕು. ಕೆಂಪಿನ ನೆರಳಿಗೆ ಕಪ್ಪನ್ನು ಬೆರೆಸುವುದು ಸುಲಭ, ಆದರೆ ಬಣ್ಣವು ಸತ್ತುಹೋಗುತ್ತದೆ. ಕಂದನ್ನೋ ನೇರಳೆಯನ್ನೋ ಬೆರೆಸಿದರೆ ನೆರಳಿನಲ್ಲಿಯೂ ಕೆಂಪು ಬದುಕಿರುತ್ತದೆ. ಈ ಒಂದು ಪಾಠವನ್ನು ಕಲಿತವನ ಬೊಂಬೆಯನ್ನು ಕಲಿಯದವನ ಬೊಂಬೆಯಿಂದ ಹತ್ತಡಿ ದೂರದಲ್ಲಿಯೇ ಬೇರ್ಪಡಿಸಬಹುದು.

ಕಣ್ಣು ಬರೆಯುವುದಂತೂ ಅಗ್ನಿಪರೀಕ್ಷೆ. ಒಂದು ಮಿಲಿಮೀಟರಿಗೂ ಕಡಮೆಯ ಜಾಗದಲ್ಲಿ ಬಿಳಿಯೂ ಇರಬೇಕು, ಪಾಪೆಯೂ ಇರಬೇಕು. ಎರಡು ಪಾಪೆಗಳು ಬೇರೆ ಬೇರೆ ದಿಕ್ಕಿಗೆ ನೋಡಿದರೆ ಮಹಾವೀರನು ಕ್ಷಣದಲ್ಲಿ ವಿದೂಷಕನಾಗುತ್ತಾನೆ. ಬಲ್ಲವರು ಎರಡು ಮಣಿಕಟ್ಟುಗಳನ್ನೂ ಒಂದಕ್ಕೊಂದು ತಾಗಿಸಿ ಮೇಜಿಗೆ ಊರಿ, ಬಿಳಿಯನ್ನು ಅಡ್ಡಗೆರೆಯಾಗಿ ಎಳೆದು, ಉಸಿರು ಹಿಡಿದು ನಡುವೆ ಕಪ್ಪು ಚುಕ್ಕೆ ಇಡುತ್ತಾರೆ. ತಪ್ಪನ್ನು ಸುತ್ತಲಿನ ಚರ್ಮದ ಬಣ್ಣದಿಂದ ತಿದ್ದುತ್ತಾರೆ. ಆದಕಾರಣ ಮುಖದ ಉಳಿದ ಭಾಗಕ್ಕಿಂತ ಕಣ್ಣನ್ನೇ ಮೊದಲು ಮುಗಿಸುವುದು ಜಾಣತನ.

ಇದಕ್ಕೆ ಕೂದಲೆಳೆಯಷ್ಟು ಸಣ್ಣ ಕುಂಚವೇ ಬೇಕೆಂದು ಹೊಸಬರು ತಿಳಿಯುತ್ತಾರೆ. ಅದು ಭ್ರಮೆ. ತೀರ ಸಣ್ಣ ಕುಂಚದಲ್ಲಿ ನಿಲ್ಲುವ ಬಣ್ಣವು ಬೊಂಬೆಯನ್ನು ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಹೊಟ್ಟೆ ತುಂಬಿದ, ಮೊನೆ ಚೂಪಾದ ಕುಂಚ ಬೇಕು. ಸೈಬೀರಿಯದ ಕೊಲಿನ್‌ಸ್ಕಿ ಎಂಬ ಮುಂಗುಸಿಯಂತಹ ಪ್ರಾಣಿಯ ಬಾಲದ ಕೂದಲಿನಿಂದ ಮಾಡಿದ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ‘ಸೀರೀಸ್ ಸೆವೆನ್’ ಕುಂಚಗಳಿಗೆ ಈ ಮಂದಿಯಲ್ಲಿ ವಿಶೇಷ ಮನ್ನಣೆ. 1866ರಲ್ಲಿ ವಿಕ್ಟೋರಿಯಾ ರಾಣಿಯ ಅಪ್ಪಣೆಯಂತೆ, ಅವಳ ಜಲವರ್ಣ ಚಿತ್ರಗಳಿಗಾಗಿ, ಅವಳಿಗೆ ಪ್ರಿಯವಾದ ಏಳನೆಯ ಅಳತೆಯಲ್ಲಿ ತಯಾರಾದುವಂತೆ. ರಾಣಿಯ ಕುಂಚವು ಇಂದು ರಾಕ್ಷಸನ ಕೋರೆಹಲ್ಲಿಗೆ ಬಣ್ಣ ಹಚ್ಚುತ್ತಿದೆ! ಬಣ್ಣವು ಒಣಗದಂತೆ ಕಾಪಾಡುವ ಉಪಾಯಕ್ಕೆ ಮಾತ್ರ ದುಡ್ಡೇ ಬೇಡ. ಆಳವಿಲ್ಲದ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನಿಟ್ಟು, ಮೇಲೆ ಅಡಿಗೆಮನೆಯ ಬೇಕಿಂಗ್ ಕಾಗದವನ್ನು ಹಾಸಿ, ಅದರ ಮೇಲೆ ಬಣ್ಣವನ್ನು ಕಲಸಿದರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ.

‘ಸೀಸದ ಪಟ್ಟಿ’ಯಲ್ಲಿ ಸೀಸವು ಈಗ ಹೆಸರಿನಲ್ಲಿ ಉಳಿದಿರುವುದೇ ಹೆಚ್ಚು. ಮಕ್ಕಳ ಆರೋಗ್ಯಕ್ಕೆ ಕೇಡೆಂದು ಗೇಮ್ಸ್ ವರ್ಕ್‌ಷಾಪ್ 1990ರ ದಶಕದಲ್ಲಿ ಅದನ್ನು ಕೈಬಿಟ್ಟಿತು. ಹಳೆಯ ಸೀಸದ ಬೊಂಬೆಗಳನ್ನು ಇಂದಿಗೂ ಆದರದಿಂದ ಇಟ್ಟುಕೊಂಡವರು ಅವುಗಳನ್ನು ಉಜ್ಜಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು.

2019ರಲ್ಲಿ ಈ ಸಂಸ್ಥೆಯು ‘ಕಾಂಟ್ರಾಸ್ಟ್’ ಎಂಬ ಹೊಸಬಗೆಯ ಬಣ್ಣವನ್ನು ಹೊರತಂದಿತು. ಬಿಳುಪಾದ ತಳಲೇಪದ ಮೇಲೆ ಒಂದೇ ಸಲ ಹಚ್ಚಿದರೆ ಸಾಕು. ತಗ್ಗಿನಲ್ಲಿ ಗಾಢವಾಗಿ, ಉಬ್ಬಿನಲ್ಲಿ ತಿಳಿಯಾಗಿ ನಿಂತು ನೆರಳೂ ಹೊಳಪೂ ಒಮ್ಮೆಗೇ ಮೂಡುತ್ತವೆ. ಹಳಬರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ವರುಷಗಟ್ಟಲೆ ಕಷ್ಟಪಟ್ಟು ಕಲಿತದ್ದನ್ನು ಕುಪ್ಪಿಯಲ್ಲಿ ತುಂಬಿ ಮಾರುವುದೆ ಎಂದು ಗೊಣಗಿದರು. ಅವರ ಬೇಸರವು ಅರ್ಥವಾಗದ್ದೇನೂ ಅಲ್ಲ. ಆದರೆ ಈ ಹವ್ಯಾಸದ ನಿಜವಾದ ದುಃಖವು ಬೇರೆಯೇ ಇದೆ. ಪೆಟ್ಟಿಗೆಗಳು ಅಗ್ಗವಲ್ಲ, ಕೊಳ್ಳುವ ಆಸೆ ಬಣ್ಣ ಹಚ್ಚುವ ಬಿಡುವಿಗಿಂತ ಸದಾ ಮುಂದೆ. ಆಟಗಾರರ ಮನೆಗಳ ಬೀರುಗಳಲ್ಲಿ, ಮಂಚದ ಕೆಳಗೆ, ಬೂದುಬಣ್ಣದ ಸೈನ್ಯಗಳು ವರುಷಾನುಗಟ್ಟಲೆ ಕುಂಚಕ್ಕಾಗಿ ಕಾಯುತ್ತಿರುತ್ತವೆ; ಅವರೇ ಅದನ್ನು ‘ನಾಚಿಕೆಯ ರಾಶಿ’ ಎಂದು ಹಾಸ್ಯಮಾಡುತ್ತಾರೆ. ಐವತ್ತು ಬೊಂಬೆಗಳಲ್ಲಿ ಒಂದನ್ನು ಅಪ್ರತಿಮವಾಗಿ ಬರೆದು ನಲವತ್ತೊಂಬತ್ತನ್ನು ಹಾಗೆಯೇ ಬಿಟ್ಟವನಿಗಿಂತ, ಸಾಧಾರಣವಾಗಿಯಾದರೂ ಐವತ್ತನ್ನೂ ಮುಗಿಸಿದವನ ದಂಡೇ ಮೇಜಿನ ಮೇಲೆ ದಂಡಾಗಿ ಕಾಣುವುದು. ಅವನ ಐವತ್ತನೆಯ ಬೊಂಬೆಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದರೆ, ಅವನಿಗೇ ತಿಳಿಯದೆ ಕೈ ಎಷ್ಟು ತಿದ್ದಿಕೊಂಡಿದೆಯೆಂಬುದೂ ಗೋಚರವಾಗುತ್ತದೆ. ಹಾಗೆಂದು ಮೊದಲನೆಯದನ್ನು ಅಳಿಸಿ ಮತ್ತೆ ಬರೆಯಲು ಹೊರಟವರೂ ಉಂಟು. ಹಳೆಯ ಕೈಗುರುತನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲೆಂದು ತೋರುತ್ತದೆ.

ಲೆಂಟನ್ನಿನ ಸಭಾಂಗಣದಲ್ಲಿ ರಜಾದಿನಗಳಂದು ಮೇಜುಗಳೆಲ್ಲ ಭರ್ತಿ. ನರೆತ ಗಡ್ಡದ ತಂದೆಯ ಎದುರು ಹನ್ನೆರಡರ ಮಗ ದಾಳ ಉರುಳಿಸುತ್ತಾನೆ. ಪರದೇಶಗಳಿಂದ ಬಂದವರು ತಮ್ಮ ಸೈನ್ಯಗಳನ್ನು ಸ್ಪಂಜಿನ ಗೂಡುಗಳಿಂದ ಒಂದೊಂದಾಗಿ ಎತ್ತಿ ನಿಲ್ಲಿಸುತ್ತಾರೆ. ಆಟವೆಂದ ಮೇಲೆ ಕೈ ತಾಗಲೇಬೇಕು, ಬಣ್ಣ ಸವೆಯಲೇಬೇಕು. ಅದಕ್ಕಾಗಿ ಕೊನೆಯಲ್ಲಿ ಮಿರುಗದ ವಾರ್ನಿಷಿನ ಲೇಪವೊಂದನ್ನು ಕೊಟ್ಟಿರುತ್ತಾರೆ. ಆದರೂ ಕತ್ತಿಯ ತುದಿ, ಈಟಿಯ ಮೊನೆ, ಟೊಪ್ಪಿಗೆಯ ಗರಿಗಳಲ್ಲಿ ಬೂದುಬಣ್ಣವು ಇಣುಕುತ್ತದೆ. ಸಂಜೆ ಆಟ ಮುಗಿದು ಸೋಲುಗೆಲುವುಗಳ ಲೆಕ್ಕವಾದ ಬಳಿಕ, ಪೆಟ್ಟಿಗೆಗೆ ತುಂಬುವ ಮುನ್ನ ಬೊಂಬೆಗಳನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿ, ಬಣ್ಣ ಹೋದವುಗಳನ್ನು ಬೇರೆಯಾಗಿ ಜೇಬಿಗೆ ಹಾಕಿಕೊಳ್ಳುವವರನ್ನು ಅಲ್ಲಿ ಕಾಣಬಹುದು.