ಬಿಟ್ಟುಹೋದ ಊರು

ವಿರಾಜಪೇಟೆಯಿಂದ ಕಣ್ಣೂರಿನ ಕಡೆಗೆ ಇಳಿಯುವ ಘಾಟಿಯಲ್ಲಿ, ಕೊಡಗಿನ ಗಡಿಗೆ ತಾಗಿ, ಮಾಕುಟ್ಟವೆಂಬ ಪುಟ್ಟ ಊರಿದೆ. ಅಲ್ಲಿಯ ತರುಣನೊಬ್ಬನು ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದನು. ಊರವರ ಅನುಕೂಲಕ್ಕೆಂದು, ಬಸ್ಸುಗಳು ನಿಲ್ಲುವ ಸ್ಥಳಗಳ ಪಟ್ಟಿಗಳನ್ನು ಲಿಸ್ಪ್ ಭಾಷೆಯಲ್ಲಿ ರಚಿಸಿ, ಅವು ಮೊಬೈಲಿನಲ್ಲಿ ಕಾಣುವಂತೆ ಏರ್ಪಡಿಸಿದ್ದನು.

ಈ ಭಾಷೆಯು ಜಾನ್ ಮೆಕಾರ್ಥಿಯೆಂಬ ಅಮೆರಿಕದ ವಿದ್ವಾಂಸನು 1958ರಲ್ಲಿ ಆರಂಭಿಸಿದುದು. ಇದರಲ್ಲಿ ಪಟ್ಟಿಯೆಂದರೆ ಗೂಡುಗಳ ಮಾಲೆ. ಪ್ರತಿ ಗೂಡಿಗೂ ಎರಡು ಅಂಕಣಗಳು: ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಮುಂದಿನ ಗೂಡು ಎಲ್ಲಿದೆಯೆಂಬ ಸೂಚನೆ. ಆದಕಾರಣ ಎರಡು ಪಟ್ಟಿಗಳು ಒಂದೇ ಬಾಲವನ್ನು ಹಂಚಿಕೊಂಡಿರಬಹುದು. ಗೋಣಿಕೊಪ್ಪಲಿನ ದಾರಿಯೂ ವಿರಾಜಪೇಟೆಯ ದಾರಿಯೂ ಪೆರುಂಬಾಡಿಯಲ್ಲಿ ಕೂಡಿ, ಮುಂದೆ ಒಂದೇ ದಾರಿಯಾಗಿ ಮಾಕುಟ್ಟ, ಕೂಟುಪುಳ, ಇರಿಟ್ಟಿಗಳಿಗೆ ಹೋಗುವುದಷ್ಟೆ? ತರುಣನ ಎರಡು ಪಟ್ಟಿಗಳೂ ಹಾಗೆಯೇ ಪೆರುಂಬಾಡಿಯಿಂದ ಮುಂದಕ್ಕೆ ಒಂದಾಗಿದ್ದುವು.

ಗೋಣಿಕೊಪ್ಪಲಿನ ಮೂಲಕ ಬರುವ ವೇಗದೂತ ಬಸ್ಸೊಂದು ಮಾಕುಟ್ಟದಲ್ಲಿ ನಿಲ್ಲದೆಂದು ಕೇಳಿ, ಅವನು ಆ ಪಟ್ಟಿಯಿಂದ ಊರಿನ ಹೆಸರನ್ನು ‘ಡಿಲೀಟ್’ ಎಂಬ ಕ್ರಿಯೆಯಿಂದ ತೆಗೆದನು. ಅದು ಪೆರುಂಬಾಡಿಯ ಗೂಡಿನ ಸೂಚನೆಯನ್ನು ಕೂಟುಪುಳದ ಕಡೆಗೆ ತಿರುಗಿಸಿತು. ವಿರಾಜಪೇಟೆಯ ಪಟ್ಟಿಯೂ ಅದೇ ಗೂಡನ್ನು ಹಾದುಹೋಗುವುದಾದ್ದರಿಂದ ಅಲ್ಲಿಯೂ ಮಾಕುಟ್ಟವು ಮಾಯವಾಯಿತು.

ಆ ಸಂಜೆ ಅವನ ತಾಯಿ ಔಷಧಿ ಕೊಂಡು ವಿರಾಜಪೇಟೆಯ ನಿಲ್ದಾಣದಲ್ಲಿ ನಿಂತಿದ್ದಳು. ಕಂಡಕ್ಟರರ ಮಾತಿಗಿಂತ ಮಗನ ಪಟ್ಟಿಯಲ್ಲಿ ಆಕೆಗೆ ಹೆಚ್ಚು ನಂಬಿಕೆ. ತಾಯಂದಿರ ಸ್ವಭಾವವೇ ಅದು. ಎದುರಿಗೆ ಬಂದ ಬಸ್ಸನ್ನು ಬಿಟ್ಟು, ಮಳೆಯಲ್ಲಿ ಬಾಡಿಗೆಯ ಜೀಪು ಹಿಡಿದು, ಕತ್ತಲಾದ ಮೇಲೆ ಮನೆ ಸೇರಿದಳು. “ನಮ್ಮೂರನ್ನೇ ಬಿಟ್ಟುಬಿಟ್ಟೆಯಲ್ಲೋ ಮಗಾ” ಎಂದು ಫೋನಿನಲ್ಲಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಅವನು ಬಳಸಬೇಕಾಗಿದ್ದುದು ‘ರಿಮೂವ್’ ಎಂಬ ಕ್ರಿಯೆಯನ್ನು. ವ್ಯಾಕರಣದಲ್ಲಿ ಪಾಣಿನಿಯು ಲೋಪವನ್ನು ನಾಶವೆನ್ನದೆ ಕಾಣದಿರುವಿಕೆಯೆನ್ನುತ್ತಾನೆ. ಲೋಪಿಸಿದ ಪ್ರತ್ಯಯವೂ ತನ್ನ ಕಾರ್ಯವನ್ನು ನಡೆಯಿಸುವುದುಂಟು. ರಿಮೂವ್ ಆ ಜಾತಿಯದು: ಅದು ಕೊಡುವ ಪಟ್ಟಿಯಲ್ಲಿ ಹೆಸರು ಕಾಣದು, ಮೂಲಕ್ಕೆ ಭಂಗವೂ ಬಾರದು. ಡಿಲೀಟಿಗಾದರೋ ಮೂಲವನ್ನೇ ಕೆಡಿಸುವ ಅಧಿಕಾರವುಂಟು. ‘ಅಪೆಂಡ್’ ಮತ್ತು ‘ಎನ್‌ಕಾಂಕ್’ ಎಂಬ ಕೂಡಿಸುವ ಕ್ರಿಯೆಗಳಲ್ಲಿಯೂ ಇದೇ ಭೇದ.

ಹಾಗೆಂದು ಕೆಡಿಸುವ ಕ್ರಿಯೆಗಳು ವರ್ಜ್ಯವಲ್ಲ. ತಾನೇ ಈಗತಾನೆ ಕಟ್ಟಿದ, ಬೇರೆ ಯಾರ ಕೈಗೂ ಸಿಕ್ಕದ ಪಟ್ಟಿಯನ್ನು ‘ಎನ್‌ರಿವರ್ಸ್’ನಿಂದ ತಿರುವಿಹಾಕಿದರೆ ಹೊಸ ಗೂಡುಗಳ ವೆಚ್ಚವು ಉಳಿಯುತ್ತದೆ. ಆದರೆ ಕ್ರಿಯೆಯು ಹಿಂದಿರುಗಿಸಿದ ಫಲವನ್ನು ಮರಳಿ ಹೆಸರಿಗೆ ಕಟ್ಟಿಕೊಳ್ಳಬೇಕು. ಪಟ್ಟಿಯ ಮೊದಲನೆಯ ಹೆಸರನ್ನೇ ಡಿಲೀಟ್ ಮಾಡಿ ಫಲವನ್ನು ಹಿಡಿಯದವನಿಗೆ, ತೆಗೆದೆನೆಂದುಕೊಂಡ ಹೆಸರೇ ಮರಳಿ ಎದುರಾಗಬಹುದು. ಕಾರ್ಯಕ್ರಮದ ಪಾಠದಲ್ಲಿ ಉದ್ಧರಣ ಚಿಹ್ನೆಯೊಡನೆ ಬರೆದಿಟ್ಟ ಸ್ಥಿರ ಪಟ್ಟಿಯನ್ನಂತೂ ಮುಟ್ಟಲೇ ಕೂಡದು.

ಆ ರಾತ್ರಿಯೇ ತರುಣನು ತಪ್ಪನ್ನು ತಿದ್ದಿದನು. ಪೆರುಂಬಾಡಿಯ ಕೆಳಗೆ ಮಾಕುಟ್ಟವು ಪುನಃ ಕಂಡಿತು. ತಾಯಿಯು ಮಾತ್ರ ಅಂದಿನಿಂದ ಕಂಡಕ್ಟರರನ್ನು ಕೇಳಿಯೇ ಬಸ್ಸು ಹತ್ತುತ್ತಾಳೆ.